ರಾಣಿಗೆ ಏದುಸಿರು

ಏಕಪಾತ್ರಾಭಿನಯ ಸ್ಪರ್ಧೆಯ ನಿಯಮಗಳು ಸರಳ. ವೇದಿಕೆಯ ಮೇಲೆ ಒಬ್ಬರೇ ಇರಬೇಕು. ಕೈಯಲ್ಲಿ ಏನನ್ನೂ ಹಿಡಿಯುವಂತಿಲ್ಲ. ಮಾತೆಲ್ಲ ಬಾಯಿಪಾಠವಾಗಿರಬೇಕು, ಚೀಟಿ ನೋಡುವಂತಿಲ್ಲ, ಪರದೆಯ ಹಿಂದಿನಿಂದ ಯಾರೂ ಪಿಸುಗುಟ್ಟುವಂತಿಲ್ಲ. ಗಂಟೆ ಹೊಡೆಯುವುದರೊಳಗೆ ಮುಗಿಸಿ ಕೆಳಗಿಳಿಯಬೇಕು. ಇದೆಲ್ಲ ನನಗೆ ಗೊತ್ತಾದದ್ದು ಮಗಳಿಂದಲ್ಲ, ಅವಳ ತಾಯಿಯಿಂದ. ನನ್ನ ಹೆಂಡತಿ ಶಾಲೆಯಲ್ಲಿದ್ದಾಗ ಇದೇ ಸ್ಪರ್ಧೆಯಲ್ಲಿ ಸುತ್ತಿನ ಮೇಲೆ ಸುತ್ತು ಗೆದ್ದು, ಊರಿನ ಹಳೆಯ ರಂಗಮಂದಿರದಲ್ಲಿ ನಡೆದ ಕೊನೆಯ ಸುತ್ತಿನಲ್ಲಿ ಎರಡನೆಯವಳಾಗಿ ಬಂದಿದ್ದಳು.

"ಮೊದಲನೇ ಬಹುಮಾನ ತಗೊಂಡವಳು ಏನು ಮಾಡಿದ್ಲು ಗೊತ್ತಾ ನಿಮಗೆ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದಳು. "ಕಳೆದುಹೋದ ಮಗುವಿನ ಪಾತ್ರ ಅಂತೆ. ಬಂದಳು, ಅತ್ತಳು, ಹೋದಳು. ಅಳೋದಕ್ಕೂ ಬಹುಮಾನ ಕೊಡ್ತಾರೇನ್ರೀ? ಹಾಗಾದ್ರೆ ನಿಮ್ಮ ಅಕ್ಕನ ಮನೇಲಿ ಕಪ್ಪಿಡೋಕೆ ಜಾಗ ಸಾಲ್ತಿರಲಿಲ್ಲ."

ಎಷ್ಟು ವರ್ಷ ಕಳೆದರೂ ಆ ಹುಡುಗಿಯ ಮೇಲಿನ ಹೊಟ್ಟೆಯುರಿ ಅವಳಿಗೆ ಆರಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಇದ್ದಕ್ಕಿದ್ದಂತೆ ಸೆಟೆದು ನಿಂತು ಆ ಮಾತುಗಳನ್ನು ಒಪ್ಪಿಸುತ್ತಿದ್ದಳು. ಪುಸ್ತಕ ಎಂದೋ ಕಳೆದುಹೋಗಿತ್ತು. ಮಾತು ಮಾತ್ರ ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಪಾತ್ರ ಕೋಟೆ ಕಳೆದುಕೊಂಡ ರಾಣಿಯದು. ರಾಜ ಯುದ್ಧದಲ್ಲಿ ಮಡಿದಿದ್ದಾನೆ. ಗೆದ್ದ ಸೇನಾಪತಿ ಕೋಟೆಯ ಕೀಲಿಕೈಗಳನ್ನು ಕೇಳಲು ಬಂದು ಎದುರಿಗೆ ನಿಂತಿದ್ದಾನೆ. ಸೇನಾಪತಿಯೂ ನಮಗೆ ಕಾಣುವುದಿಲ್ಲ, ಕೀಲಿಕೈ ಗೊಂಚಲೂ ಕಾಣುವುದಿಲ್ಲ, ರಾಣಿ ಒಬ್ಬಳೇ. ಅವಳು ಸೊಂಟದಿಂದ ಗೊಂಚಲು ಬಿಚ್ಚಿ, ಒಂದೊಂದನ್ನೇ ತೆಗೆದುಕೊಡುತ್ತಾ, ಅದು ತೆರೆಯುವ ಬಾಗಿಲಿನ ಹಿಂದೆ ಏನೇನು ನಡೆದಿತ್ತು ಎಂದು ಹೇಳುತ್ತಾ ಹೋಗುತ್ತಾಳೆ. ಕೊನೆಗೆ ಈ ಮಾತು ಬರುತ್ತದೆ: "ಕಣಜದ ಕೀಲಿಕೈ ಕೊಟ್ಟೆ, ಆಯುಧಶಾಲೆಯದು ಕೊಟ್ಟೆ, ಹೆಬ್ಬಾಗಿಲಿನದೂ ಕೊಟ್ಟೆ, ನನ್ನ ಮಗು ಮಲಗುತ್ತಿದ್ದ ಕೋಣೆಯದನ್ನು ಮಾತ್ರ ಕೇಳಬೇಡ ಸೇನಾಪತಿ, ಆ ಬಾಗಿಲಿಗೆ ನಾನು ಎಂದೂ ಬೀಗ ಹಾಕಿದವಳಲ್ಲ."

ಇಡೀ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ಅದೇ ಅದರ ಗತ್ತು. ಒಳ್ಳೆಯ ದಿನಗಳಲ್ಲಿ ನನ್ನ ಹೆಂಡತಿ ಅದನ್ನು ಒಂದೇ ಉಸಿರಿಗೆ ಹೇಳಿ, ಆಮೇಲೂ ಉಸಿರು ಉಳಿದಿದೆ ಎಂದು ತೋರಿಸಲು "ರೀ, ಊಟಕ್ಕೆ ಬನ್ನಿ" ಎಂದು ಸೇರಿಸುತ್ತಿದ್ದಳು.

ಮಗಳು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಆ ಉಸಿರು ಮುಗಿಯುತ್ತಾ ಬಂದಿತ್ತು. ಶ್ವಾಸಕೋಶ ಒಣಗಿದ ಸ್ಪಂಜಿನಂತೆ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ಹೇಳಿದರು. ಮತ್ತೆ ಮೆತ್ತಗಾಗುವ ದಾರಿ ಇಲ್ಲ ಎಂದೂ ಹೇಳಿದರು. ಮಂಚದ ಪಕ್ಕಕ್ಕೆ ಆಮ್ಲಜನಕದ ಯಂತ್ರ ಬಂತು. ಮೂಗಿಗೆ ನಳಿಗೆ. ಯಂತ್ರ ಹಗಲೂ ರಾತ್ರಿ ಗುರುಗುಟ್ಟುತ್ತಿತ್ತು. "ನಿಮ್ಮ ಎರಡನೇ ಹೆಂಡತಿಗೆ ಸ್ವಲ್ಪ ಗೊರಕೆ ಕಡಿಮೆ ಹೊಡಿ ಅಂತ ಹೇಳ್ರಿ," ಎನ್ನುವಳು.

ನನ್ನ ಕೆಲಸ ಲಿಫ್ಟ್ ರಿಪೇರಿ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಮೊದಲು ನನಗೆ ಫೋನ್ ಬರುತ್ತದೆ. ಸ್ಕೂಟರ್ ಹತ್ತುವ ಮೊದಲು, ಒಳಗಿರುವವರ ಜೊತೆ ಮಾತಾಡಿ ಸಮಾಧಾನ ಮಾಡಬೇಕು. "ಗಾಬರಿ ಬೇಡಮ್ಮ, ಒಳಗೆ ಗಾಳಿ ಆಡುತ್ತೆ. ನಿಧಾನಕ್ಕೆ ಉಸಿರು ತಗೊಳ್ಳಿ, ನಿಧಾನಕ್ಕೆ ಬಿಡಿ. ಬಂದೇ ಬಿಟ್ಟೆ." ಒಂದು ದಿನ ಹೀಗೆ ಫೋನಿನಲ್ಲಿ ಹೇಳಿ ಚೀಲ ಎತ್ತಿಕೊಳ್ಳುತ್ತಿದ್ದೆ. ಮಂಚದಿಂದ ಅವಳು ಕರೆದಳು.

"ನನಗೂ ಸ್ವಲ್ಪ… ಹೇಳ್ರಿ ಹಾಗೆ. ನಾನೂ ಎರಡು ಮಹಡಿ… ಮಧ್ಯೆ ನಿಂತುಬಿಟ್ಟಿದ್ದೀನಿ."

ನಾನು ಹೇಳಿದೆ. ಅವಳು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು.

ಆ ವರ್ಷ ಶಾಲೆಯಲ್ಲಿ ಸ್ಪರ್ಧೆಗೆ ಹೆಸರು ಕೇಳಿದಾಗ ಮಗಳು ತಾನಾಗಿಯೇ ಕೈ ಎತ್ತಿ ಬಂದಿದ್ದಳು. ತಾಯಿಯ ಮುಖದಲ್ಲಿ ಅಷ್ಟು ಕಳೆ ನೋಡಿ ಎಷ್ಟೋ ಕಾಲವಾಗಿತ್ತು. "ಬಾಗಿಲು ಮುಂದೆ ಮಾಡು. ಇಲ್ಲಿ ಬಾ. ಕೈ ಹೀಗೆ ಹಿಡಿ. ಹೀಗಲ್ಲ, ಗೊಂಚಲು ಭಾರ ಇರುತ್ತೆ, ಭಾರ ಕಾಣಬೇಕು." ಸಂಜೆ ನಾನು ಕೆಲಸದಿಂದ ಬಂದು ಕೈಗೆ ಹತ್ತಿದ ಗ್ರೀಸ್ ತೊಳೆಯುವಾಗ ಒಳಗಿನಿಂದ ಪಾಠ ಕೇಳುತ್ತಿತ್ತು. ತಾಯಿ ಒಂದು ತುಂಡು ಹೇಳುವುದು, ಮಗಳು ಅದನ್ನೇ ಹೇಳುವುದು. ಮತ್ತೊಂದು ತುಂಡು. ಮಗಳು ಬರೆದುಕೊಳ್ಳಲು ಹೋದರೆ ಬೈಗುಳ. ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ ಎಂದರೆ ಇನ್ನೂ ಬೈಗುಳ.

"ಈ ಒಡಕು ಹಂಡೆ ಧ್ವನಿ… ಕೂಡಿಟ್ಟುಕೊಂಡು ಏನು ಮಾಡ್ತೀಯೇ? ತಲೇಲಿ ತುಂಬಿಕೋ. ನಾನು ಎರಡನೇ ಮೆಟ್ಟಿಲ ಮೇಲೆ ನಿಂತು… ಬಂದವಳು. ಆ ರಂಗಮಂದಿರದಲ್ಲಿ ಮೊದಲನೇ ಮೆಟ್ಟಿಲು ಹತ್ತೋದು… ನಿನ್ನ ಕೆಲಸ. ತಿಳೀತಾ ಮಹಾರಾಣಿ?"

"ತಿಳೀತಮ್ಮ."

"ತಿಳೀತಮ್ಮ ಅಂತೆ. ರಾಣಿ ಹಾಗೆ ಹೇಳು."

"ತಿಳಿಯಿತು, ತಾಯಿ!"

ಶಾಲೆಯ ಸುತ್ತು ನಡೆಯುವ ಮೊದಲೇ ನನ್ನ ಹೆಂಡತಿ ಹೋದಳು.

ಆಮೇಲೆ ಮಗಳು ಮನೆಯಲ್ಲಿ ಆ ಮಾತುಗಳನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಅಕ್ಕ ತನ್ನ ಗಂಟುಮೂಟೆ ಸಮೇತ ನಮ್ಮ ಮನೆಗೆ ಬಂದು ಅಡುಗೆಮನೆ ಹಿಡಿದಳು. ಶಾಲೆಯಲ್ಲಿ ಮಗಳು ಗೆದ್ದ ಸುದ್ದಿ ಅಕ್ಕನಿಂದಲೇ ಗೊತ್ತಾಯಿತು. ಮುಂದಿನದು ವಲಯದ ಸುತ್ತು, ಬೇರೊಂದು ಶಾಲೆಯ ಪ್ರಾರ್ಥನೆಯ ಹಾಲ್‌ನಲ್ಲಿ. ನಾನು ಕೆಲಸದ ಅಂಗಿಯಲ್ಲೇ ಹೋಗಿ, ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕುಳಿತೆ.

ಮಗಳು ಬಂದಳು. ಸೊಂಟದಿಂದ ಗೊಂಚಲು ಬಿಚ್ಚಿದಳು. ಭಾರ ಕಾಣಿಸಿತು. ಮಾತು ಶುರುವಾಯಿತು.

ಮೊದಲ ವಾಕ್ಯದ ನಡುವೆ, ಎಲ್ಲೂ ನಿಲ್ಲಬಾರದ ಜಾಗದಲ್ಲಿ, ಅವಳು ನಿಂತಳು. ಒಂದು ಸಣ್ಣ ಉಸಿರು, ಬಟ್ಟೆ ಹರಿದ ಸದ್ದಿನಂಥದು. ಮತ್ತೆ ಮಾತು. ಮತ್ತೆ, ಬೇರೊಂದು ತಪ್ಪು ಜಾಗದಲ್ಲಿ, ಅದೇ ಉಸಿರು. ಧ್ವನಿ ಮಗಳದೇ. ಹದಿಹರೆಯದ, ಗಟ್ಟಿಮುಟ್ಟಾದ ಧ್ವನಿ. ಉಸಿರು ಮಾತ್ರ ನನ್ನ ಹೆಂಡತಿಯದು. ಅವಳಿಗೆ ಎಲ್ಲೆಲ್ಲಿ ಗಾಳಿ ಮುಗಿದಿತ್ತೋ ಅಲ್ಲಲ್ಲಿ ಈ ಹುಡುಗಿಗೂ ಮುಗಿಯುತ್ತಿತ್ತು. ತಾಯಿ ತುಂಡು ತುಂಡಾಗಿ ಹೇಳಿಕೊಟ್ಟದ್ದನ್ನು ಇವಳು ತುಂಡುಗಳ ಸಮೇತ ಬಾಯಿಪಾಠ ಮಾಡಿಕೊಂಡಿದ್ದಳು. ಮಾತಿನ ಜೊತೆ ಕಾಯಿಲೆಯನ್ನೂ.

ಕೊನೆಯ ವಾಕ್ಯ ಬಂತು. "…ಹೆಬ್ಬಾಗಿಲಿನದೂ ಕೊಟ್ಟೆ, ನನ್ನ…" ಎಂದು ನಿಂತಳು. ಉಸಿರು ಸಿಗದೆ ಹುಡುಕಿದಂತೆ ಆಯಿತು. ಸಿಕ್ಕಿತು. "…ಮಗು ಮಲಗುತ್ತಿದ್ದ ಕೋಣೆಯದನ್ನು ಮಾತ್ರ ಕೇಳಬೇಡ ಸೇನಾಪತಿ…"

ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿಕೊಂಡರು. ನನಗೆ ಎದ್ದು ಹೋಗಿ ವೇದಿಕೆಯ ಅಂಚು ಹಿಡಿದುಕೊಂಡು ಇನ್ನೊಂದು ಸಲ ಹೇಳು ಎನ್ನಬೇಕೆನಿಸಿತು.

ಮೊದಲ ಸ್ಥಾನ ಅವಳಿಗೇ ಬಂತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೈಕಿನಲ್ಲೇ ಹೇಳಿದರು: "ಅಭಿನಯ ತುಂಬಾ ಚೆನ್ನಾಗಿದೆ. ಆದರೆ ಉಸಿರಿನ ಮೇಲೆ ಹಿಡಿತ ಸಾಲದು. ಏದುಸಿರು ಬಿಡುವ ರಾಣಿಗೆ ಗಾಂಭೀರ್ಯ ಬರುವುದಿಲ್ಲ. ಕೊನೆಯ ಸುತ್ತಿನೊಳಗೆ ಸರಿಮಾಡಿಕೊಳ್ಳಲಿ."

ಸ್ಕೂಟರಿನಲ್ಲಿ ಮನೆಗೆ ಬರುವಾಗ, ಹಿಂದೆ ಕುಳಿತಿದ್ದ ಮಗಳನ್ನು ಕೇಳಿದೆ. "ಅಲ್ಲಲ್ಲಿ ನಿಲ್ಲಿಸ್ತೀಯಲ್ಲ ಕಂದಾ…"

"ಗೊತ್ತು," ಎಂದಳು.

"ಏನು ಗೊತ್ತು?"

"ಅದು ಅಮ್ಮಂದು ಅಂತ. ಮೊದಲು ಗೊತ್ತಿರಲಿಲ್ಲ. ಅಮ್ಮ ಒಂದೇ ಉಸಿರಿಗೆ ಹೇಳ್ತಿದ್ದಾಗ ನಾನು ಚಿಕ್ಕವಳು, ನೆನಪಿಲ್ಲ. ಮಾತು ಹಾಗೇ ಇದೆ ಅಂದ್ಕೊಂಡಿದ್ದೆ. ಸ್ಕೂಲಲ್ಲಿ ಹೇಳುವಾಗ ಗೊತ್ತಾಯ್ತು." ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳ ಹಣೆ ನನ್ನ ಬೆನ್ನಿಗೆ ಒರಗಿತು. "ಅಲ್ಲಿ ಬಂದ ಕೂಡಲೇ ಅಮ್ಮ ನನ್ನ ಎದೆಯೊಳಗೆ ಬಂದು ಕೂರ್ತಾಳೆ ಅಪ್ಪ. ಮುಂದಿನ ಮಾತಿಗೆ ಎದ್ದುಹೋಗ್ತಾಳೆ."

ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆದು ಬೈಯುವವರೆಗೂ ನಾನು ಗಾಡಿ ಬಿಟ್ಟಿರಲಿಲ್ಲ.

ಶಾಲೆಯಲ್ಲಿ ಅವಳನ್ನು ತಯಾರು ಮಾಡುತ್ತಿದ್ದವರು ನಾಟಕದ ಮೇಷ್ಟ್ರು. ಕುತ್ತಿಗೆಗೆ ಸದಾ ಸ್ಟಾಪ್‌ವಾಚ್ ನೇತುಹಾಕಿಕೊಂಡಿರುವುದರಿಂದ ಮಕ್ಕಳ ಬಾಯಲ್ಲಿ ಅವರು ಗಡಿಯಾರ ಮೇಷ್ಟ್ರು. ಪರೀಕ್ಷೆಗೆ ಕಾವಲು ನಿಂತಾಗಲೂ ಅದು ಅವರ ಎದೆಯ ಮೇಲೆ ಆಡುತ್ತಿರುತ್ತದಂತೆ. ಕೊನೆಯ ಸುತ್ತಿಗೆ ಸ್ಪರ್ಧಿಗಳು ಹೆಚ್ಚಾದ್ದರಿಂದ ಎಂಟು ನಿಮಿಷವನ್ನು ಏಳಕ್ಕೆ ಇಳಿಸಿದ್ದರು. ಗಂಟೆ ಹೊಡೆದ ಮೇಲೂ ಮಾತಾಡಿದರೆ ಅಂಕ ಕಡಿತ. ಅಭ್ಯಾಸ ನೋಡಲು ಬನ್ನಿ ಎಂದು ಮೇಷ್ಟ್ರು ಹೇಳಿಕಳಿಸಿದ್ದರಿಂದ ಒಂದು ಸಂಜೆ ನಾನು ಹೋದೆ. ಖಾಲಿ ತರಗತಿ, ಬೆಂಚುಗಳನ್ನು ಗೋಡೆಗೆ ತಳ್ಳಿದ್ದರು.

"ನೋಡಿ ಸಾರ್, ನೀವೇ ಬುದ್ಧಿ ಹೇಳಿ," ಎಂದು ಮೇಷ್ಟ್ರು ಶುರು ಮಾಡಿದರು. "ಏಳು ನಿಮಿಷಕ್ಕೆ ನಿಲ್ಲಲ್ಲ ಇದು. ಒಂದು ಬಾಗಿಲಿನ ಕಥೆ ಕತ್ತರಿಸೋಣ ಅಂದ್ರೆ ಒಪ್ಪಲ್ಲ. ಸರಿ, ಮಾತು ಹಾಗೇ ಇರಲಿ, ಮಧ್ಯೆ ಮಧ್ಯೆ ಉಸಿರು ಎಳೆಯೋದು ಬಿಡು, ಅಷ್ಟರಲ್ಲೇ ಟೈಮ್ ಸರಿಹೋಗುತ್ತೆ ಅಂದ್ರೆ ನೆಲ ನೋಡ್ತಾಳೆ. ಏನಮ್ಮ, ರಾಣಿ ಏನು ಕೋಟೆ ಮೆಟ್ಟಿಲು ಹತ್ತಿ ಓಡಿ ಬಂದಿದ್ದಾಳಾ?"

ಮಗಳು ನೆಲವನ್ನೇ ನೋಡುತ್ತಿದ್ದಳು.

"ನೀರು ಕುಡಿದು ಬಾರಮ್ಮ," ಎಂದು ಅವಳನ್ನು ಹೊರಗೆ ಕಳಿಸಿ ನಾನು ಮೇಷ್ಟ್ರಿಗೆ ಹೇಳಿಬಿಟ್ಟೆ. ಮಂಚ, ನಳಿಗೆ, ತುಂಡು ತುಂಡು ಪಾಠ, ಎಲ್ಲ. ಹೇಳುತ್ತಾ ಹೋದಂತೆ ಅವರ ಕೈ ಸ್ಟಾಪ್‌ವಾಚಿನ ಮೇಲೆ ಹೋಗಿ ಅದನ್ನು ಮುಚ್ಚಿ ಹಿಡಿಯಿತು.

"ಛೆ," ಎಂದರು. "ನನಗೆ ಯಾರೂ ಹೇಳಲಿಲ್ಲ ನೋಡಿ. ಇರಲಿ ಬಿಡಿ ಸಾರ್. ಹಾಗೇ ಇರಲಿ. ಅಂಕ ಹೋದ್ರೆ ಹೋಗಲಿ, ಗೆಲ್ಲೋದೇ ಮುಖ್ಯ ಅಲ್ಲವಲ್ಲ."

ನನಗೆ ಭಾರ ಇಳಿದ ಹಾಗಾಯಿತು. ಇಳಿದದ್ದು ನನ್ನೊಬ್ಬನ ಹೆಗಲಿಂದ ಮಾತ್ರ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮಗಳು ಒಂದು ಸಂಜೆ ಚೀಲವನ್ನು ಕುರ್ಚಿಯ ಮೇಲೆ ಎಸೆದು ನನ್ನೆದುರು ನಿಂತಳು.

"ಮೇಷ್ಟ್ರಿಗೆ ಯಾಕೆ ಹೇಳಿದೆ?"

"ಅವರು ನಿನ್ನ ಬೈತಿದ್ರಲ್ಲ ಅಂತ…"

"ಬೈಲಿ! ಈಗ ಬೈಯೋದೇ ಇಲ್ಲ. ವಾಚ್ ಒತ್ತೋದೂ ಇಲ್ಲ. ಏನು ಹೇಳಿದ್ರೂ 'ಚೆನ್ನಾಗಿದೆಯಮ್ಮ, ಚೆನ್ನಾಗಿದೆ' ಅಂತಾರೆ. ತಪ್ಪು ಹೇಳಿದ್ರೂ ಚೆನ್ನಾಗಿದೆಯಮ್ಮ. ಬೇಕಂತಲೇ ಎರಡು ಬಾಗಿಲು ಬಿಟ್ಟು ಹೇಳಿದೆ ಇವತ್ತು, ಅದೂ ಚೆನ್ನಾಗಿದೆಯಮ್ಮ. ನನ್ನ ಸೋಲೋಕೆ ಬಿಟ್ಟುಬಿಟ್ಟಿದ್ದಾರೆ ಅಪ್ಪ ಅವರು."

"ಸೋತ್ರೆ ಏನಾಯ್ತೀಗ?"

"ಅಮ್ಮ ಏದುಸಿರು ಕಲಿಸಲಿಲ್ಲ ನನಗೆ. ಮಾತು ಕಲಿಸಿದ್ಲು. ಅವಳಿಗೆ ಉಸಿರು ಇದ್ದಿದ್ರೆ ಹೇಗೆ ಹೇಳ್ತಿದ್ಲೋ ಹಾಗೆ ನಾನು ಹೇಳಬೇಕು. ಅಲ್ಲವಾ?" ಅಲ್ಲವಾ ಎಂದು ಕೇಳುವಾಗ ಧ್ವನಿ ಒಡೆಯಿತು. "ಅಲ್ಲವಾ ಅಪ್ಪ? ಹೇಳು."

ಅವಳಿಗೆ ಉಸಿರಿದ್ದಾಗ ಹೇಗೆ ಹೇಳುತ್ತಿದ್ದಳು ಎಂಬುದು ಈ ಮನೆಯಲ್ಲಿ ನನಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಹೌದು ಎಂದೆ. ಬೇರೆ ಏನು ಹೇಳಲಿ?

ಮರುದಿನ ಅವಳೇ ಮೇಷ್ಟ್ರ ಹತ್ತಿರ ಹೋಗಿ ವಾಚ್ ಒತ್ತಿ ಎಂದಳಂತೆ.

ಅಭ್ಯಾಸ ಮತ್ತೆ ಮನೆಗೆ ಬಂತು. ಮೇಷ್ಟ್ರು ಹೇಳಿಕೊಟ್ಟ ಉಪಾಯ, ಎದೆಯ ಕೆಳಗೆ ಅಂಗೈ ಒತ್ತಿ ಹಿಡಿದು ಹೊಟ್ಟೆಯಿಂದ ಉಸಿರೆಳೆದು, ಅದು ಮುಗಿಯುವ ತನಕ ಮಾತು ನಿಲ್ಲಿಸದಿರುವುದು. ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಸೇನಾಪತಿ ಬೇಕಲ್ಲ, ಎದುರಿಗೆ ಅಕ್ಕನನ್ನು ನಿಲ್ಲಿಸಿಕೊಂಡಳು. ಅಕ್ಕ ಸೌಟು ಹಿಡಿದೇ ನಿಂತಳು.

"ಸೇನಾಪತಿಯೇ, ಇಗೋ ಕಣಜದ ಕೀಲಿಕೈ…"

"ಬೇಗ ಕೊಡೇ ತಾಯಿ, ಸೇನಾಪತಿ ಸೊಪ್ಪು ಬಿಡಿಸಬೇಕು."

"ಅತ್ತೇ! ನೀನು ಮಾತಾಡೋ ಹಾಗಿಲ್ಲ!"

"ಗೆದ್ದವನು ನಾನು, ಮಾತಾಡೋಳು ನೀನು. ಇದ್ಯಾವ ನ್ಯಾಯ? ಒಂದು ಗೊಂಚಲು ಕೊಡೋಕೆ ಏಳು ನಿಮಿಷ. ಇವಳ ಗಂಡ ಸೋತದ್ದು ಯಾಕೆ ಅಂತ ಈಗ ಗೊತ್ತಾಯ್ತು, ಊಟಕ್ಕೆ ಬನ್ನಿ ಅಂತ ಕರೆಯೋಕೆ ಎಷ್ಟು ಹೊತ್ತು ಮಾಡ್ತಿದ್ಲೋ."

ಮಗಳು ನಗು ತಡೆಯಲಾರದೆ ಕೆಳಗೆ ಕೂತುಬಿಟ್ಟಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಅಕ್ಕನಿಗೆ ನಾನು ಆ ಕ್ಷಣದಲ್ಲಿ ಏನು ಬೇಕಾದರೂ ಕೊಡುತ್ತಿದ್ದೆ. ಅದೇ ಅಕ್ಕ, ಸ್ವಲ್ಪ ದಿನ ಕಳೆದ ಮೇಲೆ, ನನಗೆ ಚಹಾ ಕೊಡುತ್ತಾ ಹೇಳಿದಳು: "ಈಗ ಲಕ್ಷಣವಾಗಿ ಹೇಳ್ತಾಳೆ ಕಣೋ. ಮೊದಲು ಕೇಳ್ತಾ ಇದ್ರೆ ನನಗೇ ಎದೆ ಹಿಡಿದ ಹಾಗಾಗ್ತಿತ್ತು."

ಅಕ್ಕನ ತಪ್ಪಲ್ಲ. ಅವಳಿಗೆ ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ.

ತಪ್ಪು ಜಾಗದ ಉಸಿರುಗಳು ಒಂದೊಂದಾಗಿ ಹೋಗುತ್ತಿದ್ದವು. ಮೊದಲ ವಾಕ್ಯದಲ್ಲಿದ್ದದ್ದು ಮೊದಲು ಹೋಯಿತು. ಆಮೇಲೆ ಆಯುಧಶಾಲೆಯ ಕಥೆಯಲ್ಲಿ ಒಟ್ಟೊಟ್ಟಿಗೆ ಬರುತ್ತಿದ್ದವು ಹೋದವು. ಕುದುರೆಲಾಯದ ಮಾತಿನ ನಡುವೆ ಒಂದು ಸಣ್ಣ ಬಿಕ್ಕಿನಂಥದ್ದಿತ್ತು, ನನ್ನ ಹೆಂಡತಿ ಅಲ್ಲಿ ಎಂಜಲು ನುಂಗುತ್ತಿದ್ದಳು. ಒಂದು ಸಂಜೆ ನಾನು ಕೈ ತೊಳೆಯುತ್ತಾ ಅದಕ್ಕಾಗಿ ಕಾದೆ, ಅದು ಬರಲಿಲ್ಲ. ಇದನ್ನೆಲ್ಲ ನಾನು ಒಂದು ಸಲ ನೋಡಿದ್ದವನೇ. ಆಗ ಉಸಿರು ಕಡಿಮೆಯಾದ ಹಾಗೆ ಅವಳು ಹೋದಳು. ಈಗ ಮಗಳಿಗೆ ಉಸಿರು ಬಂದ ಹಾಗೆ ಹೋಗುತ್ತಿದ್ದಳು. ಮಾತು ಮಾತ್ರ ದಿನದಿನಕ್ಕೆ ಚೆಂದವಾಯಿತು. ಸುಳ್ಳು ಯಾಕೆ ಹೇಳಲಿ, ರಾಣಿಗೆ ನಿಜವಾಗಿ ಗಾಂಭೀರ್ಯ ಬಂತು. ಬಚ್ಚಲಿನ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿದ ಕೈಯಲ್ಲೇ ನಿಂತು ಕೇಳುತ್ತಿದ್ದೆ; ಹೆಮ್ಮೆಯೂ ಆಗುತ್ತಿತ್ತು, ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಲೂ ಇದ್ದೆ.

ಕೊನೆಯ ವಾಕ್ಯದಲ್ಲಿದ್ದ ಒಂದನ್ನು ಮಾತ್ರ ಅವಳು ಮುಟ್ಟಲಿಲ್ಲ. 'ನನ್ನ' ಎಂದ ಮೇಲೆ, 'ಮಗು' ಎನ್ನುವ ಮೊದಲು.

"ಅಲ್ಲಿರೋದು ಇರುತ್ತೆ," ಎಂದು ನನಗೆ ಹೇಳಿದಳು. "ಮೇಷ್ಟ್ರು ಲೆಕ್ಕ ಹಾಕಿದ್ರು. ಒಂದಕ್ಕೆ ಟೈಮ್ ಇದೆ. ಬೇಕಾದ್ರೆ ಇಟ್ಟುಕೋ ಅಂದ್ರು."

"ಒಳ್ಳೇದು," ಎಂದೆ.

"ನೀನು ಹಾಲ್‌ನಲ್ಲಿ ಕೂತಿರ್ತೀಯಲ್ಲ? ಅಲ್ಲಿ ಬಂದಾಗ ನಿನಗೆ ಕೇಳಿಸುತ್ತೆ. ಬೇರೆ ಯಾರಿಗೂ ಗೊತ್ತಾಗಲ್ಲ. ನಿನಗೆ, ನನಗೆ."

ಕೊನೆಯ ಸುತ್ತಿನ ದಿನ ನಾನು ಡ್ಯೂಟಿಯನ್ನು ಇನ್ನೊಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿ, ಫೋನ್ ಆಫ್ ಮಾಡಿದೆ. ರಂಗಮಂದಿರದ ಕುರ್ಚಿಗಳ ಕೆಂಪು ಬಟ್ಟೆ ಸವೆದು ದಾರ ಎದ್ದಿತ್ತು. ಪಕ್ಕದಲ್ಲಿ ಅಕ್ಕ, ಒಬ್ಬೊಬ್ಬ ಸ್ಪರ್ಧಿ ಇಳಿದಾಗಲೂ ತೀರ್ಪು ಕೊಡುತ್ತಾ ಕುಳಿತಿದ್ದಳು. "ಇವನು ಕಿರಿಚಿದ." "ಇವಳಿಗೆ ಕೈ ಎಲ್ಲಿಡಬೇಕು ಅಂತಲೇ ಗೊತ್ತಿಲ್ಲ." "ಇದು ಪರವಾಗಿಲ್ಲ, ಆದ್ರೆ ನಮ್ಮವಳ ಮುಂದೆ ಏನೂ ಅಲ್ಲ." ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ಪರವಾಗಿಲ್ಲ ಎನಿಸಿಕೊಂಡವಳ ತಾಯಿ ಇರಬೇಕು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಮಗಳ ಸರದಿ ಬಂತು. ಖಾಲಿ ವೇದಿಕೆ, ಮೇಲಿನಿಂದ ಬಿಳಿ ಬೆಳಕು. ಅವಳು ನಡೆದು ಬಂದದ್ದೇ ಬೇರೆ ಥರ. ನನ್ನ ಮನೆಯಲ್ಲಿ ಹಲ್ಲುಜ್ಜದೆ ತಿಂಡಿಗೆ ಕೂರುವ ಹುಡುಗಿಯಲ್ಲ ಅವಳು. ಗೊಂಚಲು ಬಿಚ್ಚಿ ಮೊದಲ ಕೀಲಿಕೈ ಕೊಟ್ಟಾಗ ಅಷ್ಟು ದೊಡ್ಡ ಹಾಲ್‌ನಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಕಣಜ ಹೋಯಿತು, ಕುದುರೆಲಾಯ ಹೋಯಿತು, ಆಯುಧಶಾಲೆ ಹೋಯಿತು. ಒಂದೊಂದು ಬಾಗಿಲು ಹೋದ ಹಾಗೂ ಅವಳು ಎತ್ತರವಾಗುತ್ತಾ ಬಂದಳು. ಎಲ್ಲೂ ತಡವರಿಕೆಯಿಲ್ಲ. ನನ್ನ ಹೆಂಡತಿ ಪಾತ್ರೆ ತೊಳೆಯುತ್ತಾ ಸೆಟೆದು ನಿಂತು ಹೇಳುತ್ತಿದ್ದದ್ದೂ ಹೀಗೆಯೇ. ಅದು ನೆನಪಾಗಿ ಸ್ವಲ್ಪ ಸಮಾಧಾನವೂ ಆಯಿತು.

ಕೊನೆಯ ವಾಕ್ಯ ಶುರುವಾಯಿತು. ನಾನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಕಣಜದ ಕೀಲಿಕೈ ಕೊಟ್ಟೆ, ಆಯುಧಶಾಲೆಯದು ಕೊಟ್ಟೆ, ಹೆಬ್ಬಾಗಿಲಿನದೂ ಕೊಟ್ಟೆ, ನನ್ನ ಮಗು ಮಲಗುತ್ತಿದ್ದ ಕೋಣೆಯದನ್ನು ಮಾತ್ರ ಕೇಳಬೇಡ ಸೇನಾಪತಿ, ಆ ಬಾಗಿಲಿಗೆ ನಾನು ಎಂದೂ ಬೀಗ ಹಾಕಿದವಳಲ್ಲ."

ಒಂದೇ ಉಸಿರು. ಹೊಳೆ ಹರಿದ ಹಾಗೆ ಹರಿದುಹೋಯಿತು.

ಆ ಜಾಗದಲ್ಲಿ ಉಸಿರು ಎಳೆದವನು ನಾನೊಬ್ಬನೇ. ಎಳೆದು, ಹಿಡಿದುಕೊಂಡು, ನನ್ನ ಹೆಂಡತಿ ಬರುವಳೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಮಾತು ಮುಗಿದು, ಮಗಳು ತಲೆಬಾಗಿ, ಹಾಲ್ ಪೂರ್ತಿ ಎದ್ದು ನಿಂತಿತ್ತು. ಗಂಟೆ ಇನ್ನೂ ಹೊಡೆದಿರಲಿಲ್ಲ.

"ಚಪ್ಪಾಳೆ ತಟ್ಟೋ ಮಂಕೇ!" ಎಂದು ಅಕ್ಕ ನನ್ನ ತೋಳು ಗುದ್ದಿದಳು. ತಟ್ಟಿದೆ.

ಮೊದಲ ಸ್ಥಾನ. ಹೆಸರು ಕರೆದಾಗ ಮಗಳು ಮೂರು ಮೆಟ್ಟಿಲ ಪೀಠದ ನಡುವಿನ ಎತ್ತರದ ಮೆಟ್ಟಿಲು ಹತ್ತಿ ನಿಂತಳು. ವಲಯದ ಸುತ್ತಿನಲ್ಲಿದ್ದ ಆ ಹಿರಿಯ ತೀರ್ಪುಗಾರರು ಇಲ್ಲೂ ಇದ್ದರು. ಕಪ್ಪು ಕೊಡುತ್ತಾ ಅವಳ ತಲೆ ಸವರಿ ಏನೋ ಹೇಳಿದರು. ಫೋಟೋ ತೆಗೆದರು. ಮಗಳು ಫೋಟೋದವನು ನಗು ಎಂದಾಗ ನಕ್ಕಳು.

ವೇದಿಕೆಯ ಹಿಂದಿನ ಓಣಿಯಲ್ಲಿ ಗಡಿಯಾರ ಮೇಷ್ಟ್ರು ನನ್ನನ್ನು ತಬ್ಬಿಕೊಂಡೇಬಿಟ್ಟರು. ಸ್ಟಾಪ್‌ವಾಚ್ ನನ್ನ ಎದೆಗೆ ಒತ್ತಿತು. "ಕೊನೇಲಿ ಅದನ್ನೂ ಬಿಟ್ಟುಬಿಟ್ಟಳಲ್ಲ ಸಾರ್! ಎಂಥಾ ಧೈರ್ಯ! ನನಗೂ ಹೇಳಿರಲಿಲ್ಲ ನೋಡಿ."

ಬಣ್ಣ ತೆಗೆಯುವ ಕೋಣೆಯಾಚೆ, ಹಿಂಬಾಗಿಲಿನ ಮೆಟ್ಟಿಲ ಮೇಲೆ ಅವಳು ಕುಳಿತಿದ್ದಳು. ತೊಡೆಯ ಮೇಲೆ ಬಹುಮಾನದ ಕಪ್ಪಿತ್ತು. ಹೊರಗೆ ಯಾರದೋ ಕಾರು ಹಿಂದಕ್ಕೆ ತೆಗೆಯುತ್ತಾ ಟೀಂ ಟೀಂ ಎನ್ನುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ನಾನು ಬಿಡಲಿಲ್ಲ ಅಪ್ಪ," ಎಂದಳು.

"ಗೊತ್ತು."

"ಬರಲೇ ಇಲ್ಲ. ನನ್ನ ಅಂತ ಹೇಳಿದೆ. ಅಲ್ಲಿ ಬರಬೇಕಿತ್ತು. ಬಾಯಿ ಮುಂದೆ ಹೋಗಿಬಿಡ್ತು. ಎಲ್ಲಾ ಕಡೆ ಮುಂದೆ ಹೋಗು, ಮುಂದೆ ಹೋಗು ಅಂತ ನಾನೇ ಅಲ್ವಾ ಅದಕ್ಕೆ ಕಲಿಸಿದ್ದು? ಇಲ್ಲಿ ಮಾತ್ರ ನಿಲ್ಲು ಅಂದ್ರೆ ಅದಕ್ಕೇನು ಗೊತ್ತು." ಅವಳು ಅಳುತ್ತಿರಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. "ಇವಾಗ ಇಲ್ಲಿ ಹೇಳಿ ನೋಡಿದೆ. ನಿಲ್ಲಿಸಿದ್ರೆ ನಿಲ್ಲುತ್ತೆ. ಆದ್ರೆ ಅದು ನಾನು ನಿಲ್ಲಿಸ್ತಿರೋದು. ಆಕ್ಟಿಂಗು. ಅಮ್ಮ ಬರಲ್ಲ."

"ಸುಸ್ತಾಗಿದೀಯ ಮಗಳೇ. ಮನೆಗೆ ಹೋಗಿ ಊಟ ಮಾಡಿ…"

"ನೀನು ಹೇಳು."

"ಏನು?"

"ಆ ಮಾತು. ನಿನಗೆ ಬರುತ್ತಲ್ಲ, ಬಚ್ಚಲಲ್ಲಿ ನಿಂತು ಕೇಳಿದ್ದೀಯಲ್ಲ ದಿನಾ. ಅಮ್ಮ ಹೇಳ್ತಿದ್ದ ಹಾಗೆ ಹೇಳು. ನಾನು ಕೇಳಿಸಿಕೊಳ್ತೀನಿ. ಕೇಳಿಸಿಕೊಂಡ್ರೆ ನನಗೆ ಮತ್ತೆ ಬರಬಹುದು."

ಜೀವಮಾನದಲ್ಲಿ ನಾನು ವೇದಿಕೆ ಹತ್ತಿದವನಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸಲು ಎಬ್ಬಿಸಿದರೆ ಮೂತ್ರಕ್ಕೆ ಹೋಗಬೇಕು ಎನ್ನುತ್ತಿದ್ದವನು. ಆದರೂ ಗಂಟಲು ಸರಿಮಾಡಿಕೊಂಡೆ. ಕಣಜದ ಕೀಲಿಕೈ ಕೊಟ್ಟೆ ಎಂದೆ. ಆಯುಧಶಾಲೆಯದು ಕೊಟ್ಟೆ ಎಂದೆ. ಹೆಬ್ಬಾಗಿಲಿನದೂ ಕೊಟ್ಟೆ, ನನ್ನ, ಎಂದು ನಿಂತೆ. ಉಸಿರೆಳೆದೆ. ದಪ್ಪ ಗಂಡಸಿನ, ಎರಡು ಶ್ವಾಸಕೋಶವೂ ನೆಟ್ಟಗಿರುವ ಉಸಿರು. ಮಗು ಮಲಗುತ್ತಿದ್ದ ಕೋಣೆಯದನ್ನು ಮಾತ್ರ ಕೇಳಬೇಡ ಸೇನಾಪತಿ.

ಮಗ್ಗುಲಲ್ಲಿ ಅವಳು ಕಣ್ಣುಮುಚ್ಚಿ ಕೇಳುತ್ತಿದ್ದಳು. ತೆರೆದು ನನ್ನ ಕಡೆ ನೋಡಿದಳು. ನಗು ಬರುತ್ತಿತ್ತು ಅವಳಿಗೆ, ಪಾಪ, ತಡೆದುಕೊಂಡಳು.

"ಜಾಗ ಸರಿ ಅಪ್ಪ. ಆದ್ರೆ ಹಾಗಲ್ಲ. ಅಮ್ಮ ತಗೊಳ್ತಿದ್ದದ್ದು ಹಾಗಲ್ಲ."

"ಮತ್ತೆ ಹೇಗೆ?"

ತೋರಿಸಲೆಂದು ಅವಳು ನನ್ನ ಕಡೆ ತಿರುಗಿ ಕೂತು, ಬಾಯಿ ತೆರೆದಳು.